ಬಾಗಿಲು ಹಾಕಿದ ಕ್ಲಬ್ಬಿನ ಲೆಕ್ಕ ಇಟ್ಟವರು

ಕಳೆದ ಸಂಚಿಕೆಯಲ್ಲಿ ಗ್ಲಾಸ್ಗೋ ನಗರದ ಕ್ಯಾತ್ಕಿನ್ ಪಾರ್ಕ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 1967ರಲ್ಲಿ ಮುಳುಗಿದ ಥರ್ಡ್ ಲಾನಾರ್ಕ್ ಅನ್ನೋ ಫುಟ್‌ಬಾಲ್ ಕ್ಲಬ್ಬಿನ ಮೈದಾನ ಅದು. ಕ್ಲಬ್ ಹೋದರೂ ಅಭಿಮಾನಿಗಳು ಅದರ ಚರಿತ್ರೆಯನ್ನು ಕೂಡಿಡುತ್ತಿದ್ದಾರೆ ಅಂತ ಹೇಳಿ ಮುಗಿಸಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಜಾಗ ಸ್ಕಾಟ್ಲೆಂಡ್ ಫುಟ್‌ಬಾಲಿಗೇ. ಕ್ರಿಕೆಟ್ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ಇಲ್ಲದ ಕ್ಲಬ್ಬಿಗೆ ಚರಿತ್ರೆ ಬರೆದು ಯಾರಿಗೆ ಏನು ಲಾಭ? ಅಷ್ಟಕ್ಕೂ ಈ ಥರ್ಡ್ ಲಾನಾರ್ಕ್ ಅಂಥ ದೊಡ್ಡ ಕ್ಲಬ್ಬಾ? (ನಿವೃತ್ತ ಬ್ಯಾಂಕ್ ನೌಕರರೊಬ್ಬರು)

ಉತ್ತರ: ದೊಡ್ಡ ಕ್ಲಬ್ಬೇ ಸ್ವಾಮಿ. ಮೊದಲು ಅದನ್ನು ಹೇಳಿಬಿಡ್ತೀನಿ, ಲಾಭದ ಮಾತು ಆಮೇಲೆ.

1872ರ ನವೆಂಬರ್ 30ರಂದು ಗ್ಲಾಸ್ಗೋದ ಪಾರ್ಟಿಕ್‌ನಲ್ಲಿ, ಒಂದು ಕ್ರಿಕೆಟ್ ಮೈದಾನದಲ್ಲಿ, ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಆಡಿದವು. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ. ಗೋಲು ಒಂದೂ ಆಗಲಿಲ್ಲ. ಆದರೆ ನೋಡಿದವರಿಗೆ ಆಟದ ಹುಚ್ಚು ಹಿಡಿಯಿತು. ಎರಡೇ ವಾರದಲ್ಲಿ, ಡಿಸೆಂಬರ್ 12ರಂದು, ಲಾನಾರ್ಕ್‌ಷೈರ್‌ನ ಮೂರನೇ ರೈಫಲ್ ವಾಲಂಟಿಯರ್ಸ್ ಪಡೆಯವರು ಸೇರಿ ತಮ್ಮದೇ ಕ್ಲಬ್ ಕಟ್ಟಿದರು. ಹೆಸರಿನಲ್ಲಿರುವ 'ಥರ್ಡ್' ಅಲ್ಲಿಂದ ಬಂದದ್ದು. ಕೆಂಪು ಅಂಗಿಯೂ ಸಿಪಾಯಿಗಳ ಕೋಟಿನಿಂದಲೇ ಬಂದದ್ದು. 1873ರಲ್ಲಿ ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆ ಕಟ್ಟಿದವರಲ್ಲಿ ಇವರೂ ಇದ್ದರು. 1890ರಲ್ಲಿ ಲೀಗ್ ಶುರುವಾದಾಗಲೂ ಇದ್ದರು. ಸ್ಕಾಟಿಷ್ ಕಪ್ ಎರಡು ಸಲ ಗೆದ್ದರು, 1889 ಮತ್ತು 1905ರಲ್ಲಿ. 1904ರಲ್ಲಿ ಲೀಗ್ ಕೂಡ ಅವರದೇ.

1889ರ ಫೈನಲ್ ಕತೆ ಚೆನ್ನಾಗಿದೆ. ಎದುರಾಳಿ ಗ್ಲಾಸ್ಗೋದ್ದೇ ಆದ ಸೆಲ್ಟಿಕ್ ಕ್ಲಬ್. ಮೈದಾನದ ತುಂಬ ಹಿಮ. ಥರ್ಡ್ಸ್ (ಥರ್ಡ್ ಲಾನಾರ್ಕ್‌ನವರನ್ನು ಕರೆಯೋದೇ ಹಾಗೆ) 3-0 ಗೆದ್ದರು. ಆದರೆ ಈ ಹಿಮದಲ್ಲಿ ಆಡಿದ್ದು ಕಪ್ ಪಂದ್ಯವೇ ಅಲ್ಲ, ಸುಮ್ನೆ ಸ್ನೇಹದ ಪಂದ್ಯ ಅಂತ ತೀರ್ಮಾನವಾಯಿತು. ಮುಂದಿನ ಶನಿವಾರ ಮತ್ತೆ ಆಡಿಸಿದರು. ಆಗಲೂ ಥರ್ಡ್ಸ್ ಗೆದ್ದರು, 2-1. ಒಂದೇ ಕಪ್ಪನ್ನು ಎರಡು ಸಲ ಗೆದ್ದವರು ಅಂತ ಅಭಿಮಾನಿಗಳು ಇವತ್ತಿಗೂ ಹೇಳ್ಕೊಳ್ತಾರೆ. ಹೇಳ್ಕೊಳ್ಳಲಿ ಬಿಡಿ, ತಪ್ಪೇನಿಲ್ಲ.

1960-61ರಲ್ಲಿ ಲೀಗಿನಲ್ಲಿ ಮೂರನೇ ಸ್ಥಾನ, 34 ಪಂದ್ಯಕ್ಕೆ ಸರಿಯಾಗಿ 100 ಗೋಲು. ಕೊನೇ ಪಂದ್ಯದಲ್ಲಿ ಎಡಿನ್‌ಬರಾದ ಹಿಬರ್ನಿಯನ್ ಕ್ಲಬ್ಬಿಗೆ ಆರು ಗೋಲು ಹೊಡೆದು ನೂರು ಮುಟ್ಟಿಸಿದರು. ಅದಾಗಿ ನಾಲ್ಕೇ ವರ್ಷಕ್ಕೆ, 1964-65ರಲ್ಲಿ, 34 ಪಂದ್ಯದಲ್ಲಿ ಗೆದ್ದದ್ದು ಮೂರೇ ಮೂರು. ಇನ್ನೆರಡು ವರ್ಷಕ್ಕೆ ಕ್ಲಬ್ಬೇ ಇಲ್ಲ. 1967ರ ಏಪ್ರಿಲ್ 25ರಂದು ಕ್ಯಾತ್ಕಿನ್‌ನಲ್ಲಿ ಕೊನೇ ಪಂದ್ಯ. ನೋಡೋದಕ್ಕೆ ಬಂದವರು ಕೆಲವೇ ನೂರು ಜನ. 28ರಂದು ಡಂಬಾರ್ಟನ್‌ನಲ್ಲಿ 5-1 ಸೋಲು. ಅಲ್ಲಿಗೆ ಮುಗೀತು. ಸಾಲ, ಕೋರ್ಟು, ಬಾಗಿಲಿಗೆ ಬೀಗ. ಆಮೇಲೆ ಸರ್ಕಾರದ ಬೋರ್ಡ್ ಆಫ್ ಟ್ರೇಡ್ ವಿಚಾರಣೆ ನಡೆಸಿತು. ಕ್ಲಬ್ಬನ್ನು ನಡೆಸಿದ ರೀತಿಗೆ ಅದರ ವರದಿಯಲ್ಲಿ ಸರಿಯಾಗೇ ಮಂಗಳಾರತಿ ಆಯಿತು.

ಇನ್ನು ಲಾಭ. ನಾನು ಗ್ಲಾಸ್ಗೋದಲ್ಲಿ ಕೆಲಸಕ್ಕಿದ್ದಾಗ ನಮ್ಮ ಕಲ್ಲಿನ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬ ಅಜ್ಜ ಇದ್ದರು. ಅವರ ಅಪ್ಪ ಥರ್ಡ್ಸ್, ಅಪ್ಪನ ಅಪ್ಪ ಥರ್ಡ್ಸ್. ಕ್ಲಬ್ ಹೋದ ಮೇಲೆ ಅಜ್ಜ ಇನ್ನೊಂದು ಕ್ಲಬ್ ಹಿಡಿಯಲೇ ಇಲ್ಲ. ಸೆಲ್ಟಿಕ್, ರೇಂಜರ್ಸ್ ಅನ್ನೋ ಎರಡು ದೊಡ್ಡ ಕ್ಲಬ್ಬುಗಳ ಊರು ಗ್ಲಾಸ್ಗೋದಲ್ಲಿ ಸೆಲ್ಟಿಕ್ಕೂ ಅಲ್ಲ, ರೇಂಜರ್ಸೂ ಅಲ್ಲ ಅಂತ ಬದುಕೋದು ಸಣ್ಣ ಮಾತಲ್ಲ. ಟ್ಯಾಕ್ಸಿ ಹತ್ತಿದರೂ ಅದೇ ಪ್ರಶ್ನೆ ಕೇಳ್ತಾರೆ. ಅವರಿಗೆ ಲಾಭ ಏನಿತ್ತು? ನೂರು ಗೋಲು ಹೊಡೆದ ವರ್ಷ ನಿಜವಾಗಿ ನಡೆದಿತ್ತು ಅಂತ ಮೊಮ್ಮಕ್ಕಳು ನಂಬಬೇಕು, ಅಷ್ಟೇ. ನನಗೆ ಅದು ಸಾಕಷ್ಟು ದೊಡ್ಡ ಕಾರಣ ಅನಿಸುತ್ತೆ. ನಿಮಗೆ ಅನಿಸದಿದ್ದರೆ ಜಗಳ ಇಲ್ಲ.

ಪ್ರಶ್ನೆ: ಕ್ಯಾತ್ಕಿನ್ ಪಾರ್ಕಿನಲ್ಲಿ ಈಗ ಏನಿದೆ? ಹೋದರೆ ನೋಡಬಹುದಾ? (ಮಗಳ ಮನೆಗೆ ಎಡಿನ್‌ಬರಾಕ್ಕೆ ಹೊರಟಿರುವ ದಂಪತಿ)

ಉತ್ತರ: ಖಂಡಿತ ನೋಡಿ. ಎಡಿನ್‌ಬರಾದಿಂದ ಗ್ಲಾಸ್ಗೋಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ನಗರದ ದಕ್ಷಿಣ ಭಾಗಕ್ಕೆ ಹೋಗಬೇಕು. ಸ್ಕಾಟ್ಲೆಂಡಿನ ರಾಷ್ಟ್ರೀಯ ಮೈದಾನವಾದ ಈಗಿನ ಹ್ಯಾಂಪ್ಡನ್ ಸ್ಟೇಡಿಯಂನಿಂದ ನಡೆದೇ ಹೋಗುವಷ್ಟು ದೂರ. ನಗರಸಭೆಯ ಪಾರ್ಕು, ಟಿಕೆಟ್ ಇಲ್ಲ.

ಮೈದಾನ ಇದೆ. ಮುಖ್ಯ ಸ್ಟ್ಯಾಂಡ್ ಇಲ್ಲ. ಮೂರು ಕಡೆ ಜನ ನಿಂತು ನೋಡುತ್ತಿದ್ದ ಕಾಂಕ್ರೀಟ್ ಮೆಟ್ಟಿಲುಗಳು ಹಾಗೇ ಇವೆ. ಒರಗಿಕೊಳ್ಳಲು ಹಾಕಿದ್ದ ಕಬ್ಬಿಣದ ಕಂಬಿಗಳೂ ಇವೆ. ಮೆಟ್ಟಿಲುಗಳ ನಡುವೆ ಮರ ಎದ್ದಿವೆ. ತೆಳ್ಳನೆ ಗಿಡ ಅಲ್ಲ, ತೋಳಲ್ಲಿ ಹಿಡಿಯಲಾಗದಷ್ಟು ದಪ್ಪ ಮರಗಳು. ಮಳೆ ಬಂದ ಮೇಲೆ ಹೋದರೆ ಪಾಚಿ ಜಾರುತ್ತೆ, ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ. ಮಕ್ಕಳು ಆಡ್ತಿರ್ತಾರೆ, ಜನ ನಾಯಿ ಕರ್ಕೊಂಡು ಬರ್ತಾರೆ. ಕಂಬಿಗೆ ಒರಗಿ ನಿಂತು ಸ್ವಲ್ಪ ಹೊತ್ತು ಆಟ ನೋಡಿ. ಯಾರಾದರೂ ವಯಸ್ಸಾದವರು ಬಂದು ಮಾತಿಗೆಳೆದರೆ ನಿಮ್ಮ ಅದೃಷ್ಟ. ಬೇಗ ಬಿಡಲ್ಲ ಅವರು.

ಪ್ರಶ್ನೆ: ದಾಖಲೆ ಇಡೋದು ಕ್ಲಬ್ಬಿನವರ ಕೆಲಸ ಅಲ್ವಾ? ಅಭಿಮಾನಿಗಳಿಗೇಕೆ ಈ ಉಸಾಬರಿ? (ವಕೀಲರೊಬ್ಬರು)

ಉತ್ತರ: ನ್ಯಾಯವಾಗಿ ನೋಡಿದರೆ ಅವರದೇ. ಆದರೆ ಕ್ಲಬ್ ಅಂದ್ರೆ ಒಂದು ಕಂಪನಿ. ಆಫೀಸಿನಲ್ಲಿ ಕೂತವರ ತಲೆಯಲ್ಲಿ ಮುಂದಿನ ಶನಿವಾರ ಇರುತ್ತೆ, 1904 ಇರಲ್ಲ. ಸ್ಟ್ಯಾಂಡ್ ಒಡೆದು ಹೊಸದು ಕಟ್ಟುವಾಗ ಮೆಟ್ಟಿಲ ಕೆಳಗಿನ ಕೋಣೆ ಖಾಲಿ ಮಾಡಬೇಕು. ಹಳೇ ಮಿನಿಟ್ಸ್ ಪುಸ್ತಕ, ಆಟಗಾರರ ಸಂಬಳದ ಪಟ್ಟಿ, ಗಾಜು ಒಡೆದ ಗುಂಪು ಫೋಟೋ, ಎಲ್ಲ ಕಸದ ತೊಟ್ಟಿಗೆ. ಅದನ್ನು ತೊಟ್ಟಿಯಿಂದ ಎತ್ತಿಕೊಂಡು ಹೋದವನು ಅಭಿಮಾನಿ. ಕ್ಲಬ್ ದಿವಾಳಿಯಾದರಂತೂ ಕೇಳೋದೇ ಬೇಡ. ಲೆಕ್ಕ ತೀರಿಸಲು ಬಂದ ಅಧಿಕಾರಿಗೆ ಕುರ್ಚಿ ಮಾರಿದರೆ ದುಡ್ಡು. ಹಳೇ ಕಾಗದಕ್ಕೆ ಏನು ಬೆಲೆ?

ಈಗ ಪರಿಸ್ಥಿತಿ ಸ್ವಲ್ಪ ವಾಸಿ. ಹಿಬರ್ನಿಯನ್‌ಗೆ ಒಂದು ಹಿಸ್ಟಾರಿಕಲ್ ಟ್ರಸ್ಟ್ ಇದೆ, ಅಬರ್ಡೀನ್‌ಗೆ ಹೆರಿಟೇಜ್ ಟ್ರಸ್ಟ್ ಇದೆ. ಇಂಥ ಕಡೆ ದುಡಿಯೋರು ಹೆಚ್ಚಾಗಿ ಅಭಿಮಾನಿಗಳೇ. ಹ್ಯಾಂಪ್ಡನ್‌ನಲ್ಲಿ ಸ್ಕಾಟಿಷ್ ಫುಟ್‌ಬಾಲ್ ಮ್ಯೂಸಿಯಂ ಕೂಡ ಇದೆ. ಆದರೆ ಮ್ಯೂಸಿಯಂನ ಗಾಜಿನ ಪೆಟ್ಟಿಗೆಗೆ ಕಪ್ಪು, ಪದಕ, ಟೋಪಿ ಚೆಂದ. ಊರೂರಿಗೆ ಪಂದ್ಯ ನೋಡಲು ಬಸ್ಸು ಮಾಡಿಕೊಂಡು ಹೋಗುತ್ತಿದ್ದ ಅಭಿಮಾನಿ ಸಂಘದ ಖರ್ಚಿನ ನೋಟ್‌ಬುಕ್ಕು ಅಲ್ಲಿ ಯಾರಿಗೆ ಬೇಕು? ನನ್ನ ಕೇಳಿದರೆ ಕಪ್ಪಿಗಿಂತ ಆ ನೋಟ್‌ಬುಕ್ಕೇ ಮೇಲು. ಯಾರು ಬಂದರು, ಯಾರು ದುಡ್ಡು ಬಾಕಿ ಇಟ್ಟರು, ಯಾವ ವಾರ ಬಸ್ಸು ಅರ್ಧ ಖಾಲಿ ಹೋಯಿತು ಅನ್ನೋದು ಅದರಲ್ಲಿರುತ್ತೆ. ಕ್ಲಬ್ ಯಾವಾಗ ಸೊರಗೋಕೆ ಶುರುವಾಯಿತು ಅಂತ ಅಧ್ಯಕ್ಷರ ಭಾಷಣದಲ್ಲಿ ಸಿಗಲ್ಲ. ಆ ಪುಟಗಳಲ್ಲಿ ಸಿಗುತ್ತೆ.

ಬೆಲೆ ಕಟ್ಟೋರು ಎಲ್ಲಿರ್ತಾರೋ ಹೇಳೋಕಾಗಲ್ಲ ಅನ್ನಿ. ಹ್ಯಾಂಪ್ಡನ್‌ನಲ್ಲಿ ಮೊದಲು ಚೌಕಾಕಾರದ ಗೋಲ್ ಕಂಬಗಳಿದ್ದವು. 1976ರ ಯುರೋಪಿಯನ್ ಕಪ್ ಫೈನಲ್ಲಿನಲ್ಲಿ ಫ್ರಾನ್ಸಿನ ಸೇಂಟ್ ಎಟಿಯೆನ್ ತಂಡದ ಎರಡು ಹೊಡೆತ ಅದರ ಅಡ್ಡಪಟ್ಟಿಗೆ ಬಡಿದು ವಾಪಸ್ ಬಂದವು. ಬಯರ್ನ್ ಮ್ಯೂನಿಕ್ 1-0 ಗೆದ್ದಿತು. ಕಂಬ ಗುಂಡಗಿದ್ದಿದ್ದರೆ ನಾವೇ ಗೆಲ್ತಿದ್ವಿ ಅಂತ ಫ್ರಾನ್ಸಿನವರು ಇನ್ನೂ ಗೊಣಗ್ತಾರೆ. ಕೊನೆಗೆ ಆ ಕಂಬಗಳನ್ನು ಅವರೇ ಕೊಂಡು ತಮ್ಮ ಮ್ಯೂಸಿಯಂನಲ್ಲಿ ಇಟ್ಟುಕೊಂಡರು!

ಪ್ರಶ್ನೆ: ತಾರೀಖು ಇಲ್ಲದ ಹಳೇ ಫೋಟೋ ಸಿಕ್ಕರೆ ಯಾವ ಕಾಲದ್ದು ಅಂತ ಹೇಗೆ ಕಂಡುಹಿಡೀತಾರೆ? (ಫೋಟೋ ಸ್ಟುಡಿಯೋ ಇಟ್ಟುಕೊಂಡವರು)

ಉತ್ತರ: ನಿಮ್ಮ ಪ್ರಶ್ನೆ ನೋಡಿ ಖುಷಿಯಾಯ್ತು. ಇದು ಅವರ ಕೆಲಸದಲ್ಲಿ ನನಗೆ ಅತಿ ಇಷ್ಟದ ಭಾಗ.

ಅವರು ಮೊದಲು ಆಟಗಾರರ ಮುಖ ನೋಡಲ್ಲ. ನೆಲ ನೋಡ್ತಾರೆ. ಪೆನಾಲ್ಟಿ ಬಾಕ್ಸ್ ಈಗಿನ ಆಕಾರಕ್ಕೆ ಬಂದದ್ದು 1902ರಲ್ಲಿ. ಆ ಬಾಕ್ಸಿನ ಹೊರಗೆ ಅರ್ಧಚಂದ್ರದ ಥರ ಒಂದು ಗೆರೆ ಇರುತ್ತಲ್ಲ, ಅದು 1937ರಲ್ಲಿ ಬಂತು. ಗೆರೆ ಕಂಡರೆ ಫೋಟೋ ಅದಕ್ಕಿಂತ ಹಿಂದಿನದಲ್ಲ. ಗೋಲಿಗೆ ಬಲೆ ಇದೆಯಾ? ಹಾಗಾದರೆ 1890ರ ದಶಕ ಅಥವಾ ಆಮೇಲಿನದು. ಗೋಲ್‌ಕೀಪರ್ ಉಳಿದವರ ಥರದ್ದೇ ಅಂಗಿ ಹಾಕಿದ್ದಾನಾ? ಅದು ಬಹುಶಃ 1909ಕ್ಕಿಂತ ಮುಂಚಿನದು. ಆ ವರ್ಷ ಕೀಪರ್‌ಗೆ ಬೇರೆ ಬಣ್ಣ ಅಂತ ನಿಯಮ ಬಂತು. ಮೈದಾನದ ಮೂಲೆಯಲ್ಲಿ ಎತ್ತರದ ಫ್ಲಡ್‌ಲೈಟ್ ಕಂಬ ಕಂಡರೆ 1950ರ ದಶಕಕ್ಕೆ ಬನ್ನಿ.

ಕ್ಲಬ್ಬಿಗೊಂದು ಗುಟ್ಟೂ ಇರುತ್ತೆ. ಸೆಲ್ಟಿಕ್‌ನವರು ತಮ್ಮ ಹಸಿರು ಬಿಳಿ ಪಟ್ಟೆ ಕೆಡುತ್ತೆ ಅಂತ ಬೆನ್ನ ಮೇಲೆ ನಂಬರ್ ಹಾಕೋಕೆ ಒಪ್ಪುತ್ತಲೇ ಇರಲಿಲ್ಲ. 1960ರಿಂದ ಚಡ್ಡಿಗೆ ನಂಬರ್ ಹಾಕಿದರು. ಸ್ಕಾಟಿಷ್ ಲೀಗಿನಲ್ಲಿ ಅಂಗಿಯ ಬೆನ್ನಿಗೆ ನಂಬರ್ ಬಂದದ್ದು 1994ರಲ್ಲಿ, ಅದೂ ಲೀಗಿನ ಒತ್ತಾಯಕ್ಕೆ. ಸೆಲ್ಟಿಕ್ ಆಟಗಾರನ ಚಡ್ಡಿ ಮೇಲೆ ನಂಬರ್ ಇಲ್ಲ ಅಂದ್ರೆ ಪಕ್ಕದಲ್ಲಿರೋ ಅಭಿಮಾನಿ ತಕ್ಷಣ ಹೇಳ್ತಾನೆ, 1960ಕ್ಕೆ ಮುಂಚೆ ಅಂತ.

ಗುಂಪು ಫೋಟೋ ಆದರೆ ಇನ್ನೂ ಸುಲಭ. ಮುಂದಿನ ಸಾಲಿನಲ್ಲಿ ಕೂತವನ ಕಾಲ ಬಳಿ ಚೆಂಡು ಇರುತ್ತೆ. ಎಷ್ಟೋ ಸಲ ಆ ಚೆಂಡಿನ ಮೇಲೇ ಬಿಳಿ ಬಣ್ಣದಲ್ಲಿ ವರ್ಷ ಬರೆದಿರ್ತಾರೆ. ಅದೂ ಇಲ್ಲದಿದ್ದರೆ ಹಿನ್ನೆಲೆಗೆ ಹೋಗಬೇಕು. ಚರ್ಚಿನ ಗೋಪುರ, ಕಾರ್ಖಾನೆಯ ಚಿಮಣಿ, ಬೇಲಿ ಮೇಲಿನ ಜಾಹೀರಾತು. ಯಾವ ಕಟ್ಟಡ ಯಾವಾಗ ಎದ್ದಿತು, ಯಾವಾಗ ಬಿತ್ತು ಅನ್ನೋದು ಆ ಬೀದಿಯಲ್ಲಿ ಬೆಳೆದವರಿಗೆ ಗೊತ್ತಿರುತ್ತೆ. ಸಂಬಳಕ್ಕಿರುವ ವಿದ್ವಾಂಸರು ಈ ಒಂದು ವಿಷಯದಲ್ಲಿ ಹಿಂದೆ ಬೀಳ್ತಾರೆ.

ಪ್ರಶ್ನೆ: ಮುದುಕರ ನೆನಪನ್ನು ನಂಬಿ ಚರಿತ್ರೆ ಬರೆಯೋಕಾಗುತ್ತಾ? ನಮ್ಮ ತಾತ ಹೇಳೋ ಕತೆ ಸಲಕ್ಕೊಂದು ಥರ ಇರುತ್ತೆ. (ಇತಿಹಾಸ ಎಂ.ಎ. ವಿದ್ಯಾರ್ಥಿನಿ)

ಉತ್ತರ: ತಾತನನ್ನು ಬೈಬೇಡಮ್ಮ. ಕತೆ ಬದಲಾಗಲಿ, ಬಿಡು. ಅದನ್ನು ಪತ್ರಿಕೆ ಎದುರು ಇಟ್ಟು ನೋಡೋದು ನಿನ್ನ ಕೆಲಸ.

ಗ್ಲಾಸ್ಗೋದ ಮಿಚೆಲ್ ಲೈಬ್ರರಿಯಲ್ಲಿ ಹಳೇ ಪತ್ರಿಕೆಗಳ ಮೈಕ್ರೋಫಿಲ್ಮ್ ಇದೆ. ಹಿಡಿ ತಿರುಗಿಸಿದರೆ ಪುಟಗಳು ಓಡುತ್ತವೆ. ಸ್ವಲ್ಪ ಹೊತ್ತಿಗೆ ತಲೆ ತಿರುಗೋಕೆ ಶುರುವಾಗುತ್ತೆ. ಅಲ್ಲಿ ಕೂತು ಒಂದೊಂದೇ ಪಂದ್ಯದ ಹನ್ನೊಂದು ಹೆಸರು, ಗೋಲು ಹೊಡೆದವರು, ಎಷ್ಟು ಜನ ಸೇರಿದ್ದರು ಅಂತ ಬರೆದುಕೊಳ್ಳೋರನ್ನು ನೋಡಿದ್ದೀನಿ. ಪತ್ರಿಕೆಗಳೂ ಒಂದಕ್ಕೊಂದು ಹೊಂದಲ್ಲ. ಒಬ್ಬ ವರದಿಗಾರ ಗೋಲನ್ನು ಒಬ್ಬನ ಹೆಸರಿಗೆ ಬರೀತಾನೆ, ಇನ್ನೊಬ್ಬ ಇನ್ನೊಬ್ಬನ ಹೆಸರಿಗೆ. ಮಂಜು ಮುಸುಕಿದ ದಿನ ಇಬ್ಬರಿಗೂ ಏನೂ ಕಂಡಿರಲ್ಲ.

ಸ್ಕಾಟ್ಲೆಂಡಿನಲ್ಲಿ ಇನ್ನೊಂದು ತಮಾಷೆ ಇದೆ. ಪರೀಕ್ಷೆಗೆಂದು ಆಡಿಸುವ ಆಟಗಾರನ ಹೆಸರು ಮುಚ್ಚಿಟ್ಟು ತಂಡದ ಪಟ್ಟಿಯಲ್ಲಿ 'ಎ ಟ್ರಯಲಿಸ್ಟ್' ಅಂತ ಹಾಕೋದು. ಬೇರೆ ಕ್ಲಬ್ಬಿನವರು ಹಾರಿಸಿಕೊಂಡು ಹೋಗದಿರಲಿ ಅಂತ. ಹಾಗಾಗಿ ಸ್ಕಾಟಿಷ್ ಫುಟ್‌ಬಾಲಿನಲ್ಲಿ ಅತಿ ಹೆಚ್ಚು ಕ್ಲಬ್ಬಿಗೆ ಆಡಿದ ಮಹಾನುಭಾವ ಇವನೇ! ಆ ಹೆಸರಿನ ಹಿಂದೆ ಯಾರಿದ್ದರು ಅಂತ ಹುಡುಕೋದರಲ್ಲೇ ಕೆಲವರ ಸಂಜೆಗಳೆಲ್ಲ ಕಳೆಯುತ್ತವೆ.

ಅಚ್ಚಾದದ್ದೇ ಸತ್ಯ ಅಂತಲೂ ತಿಳೀಬೇಡ. ಪಂದ್ಯದ ದಿನ ಮಾರುವ ಪ್ರೋಗ್ರಾಂ ಪುಸ್ತಿಕೆ ಕೆಲವು ದಿನ ಮೊದಲೇ ಅಚ್ಚಾಗಿರುತ್ತೆ. ಅದರಲ್ಲಿರೋದು ಆಡಬೇಕಿದ್ದ ತಂಡ, ಆಡಿದ ತಂಡ ಅಲ್ಲ. ಮೇಲಿನ ಮಹಡಿಯ ಅಜ್ಜ ಬಿಸ್ಕತ್ ಡಬ್ಬಿಯಲ್ಲಿ ತಮ್ಮ ಪ್ರೋಗ್ರಾಂಗಳನ್ನು ಇಟ್ಟಿದ್ದರು. ಒಂದನ್ನು ತೆಗೆದು ತೋರಿಸಿದ್ದರು. ಲೆಫ್ಟ್ ಹಾಫ್ ಸ್ಥಾನದ ಆಟಗಾರನ ಹೆಸರನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ಇನ್ನೊಂದು ಹೆಸರು. ಗೋಲು ಹೊಡೆದವನ ಮುಂದೆ ಒಂದು ಗೀಟು, ಎರಡನೇ ಗೋಲಿಗೆ ಇನ್ನೊಂದು. ಹಿಂದಿನ ಪುಟದಲ್ಲಿ ಎ, ಬಿ, ಸಿ ಅಂತ ಅಕ್ಷರಗಳು, ಎದುರಿಗೆ ಬೇರೆ ಊರುಗಳಲ್ಲಿ ನಡೀತಿದ್ದ ಪಂದ್ಯಗಳ ಹೆಸರು. ಹಾಫ್ ಟೈಮಿನಲ್ಲಿ ಮೈದಾನದ ಹಲಗೆ ಮೇಲೆ ಬರೀ ಅಕ್ಷರ, ಬರೀ ಅಂಕಿ ಹಾಕುತ್ತಿದ್ದರು. ಯಾವ ಅಕ್ಷರ ಯಾವ ಪಂದ್ಯ ಅಂತ ತಿಳೀಬೇಕಾದರೆ ಪ್ರೋಗ್ರಾಂ ಕೊಳ್ಳಲೇಬೇಕು. ವ್ಯಾಪಾರ ನೋಡಿ! ಎಲ್ಲ ಅಕ್ಷರದ ಮುಂದೆಯೂ ಅಜ್ಜನ ಕೈಬರಹದ ಅಂಕಿ ಇತ್ತು, ಒಂದನ್ನು ಬಿಟ್ಟು. ಅದೇಕೆ ಅಂತ ಕೇಳಿದೆ. ಎದುರಿಗಿದ್ದವನ ಟೋಪಿ ಅಡ್ಡ ಬಂತು ಅಂದರು.

ಕೊಳ್ಳುವವರು ಗೀಚಿದ ಪ್ರೋಗ್ರಾಂಗೆ ಕಡಿಮೆ ಬೆಲೆ ಕೊಡ್ತಾರೆ. ಅವರಿಗೆ ಹೊಸದರಂತೆ ಇರಬೇಕು. ಚರಿತ್ರೆ ಬರೆಯೋರಿಗೆ ಗೀಚಿದ್ದೇ ಬೇಕು. ಆ ದಿನ ಅಲ್ಲಿ ನಿಂತು ಕಣ್ಣಾರೆ ಕಂಡವನ ಸಾಕ್ಷಿ ಅದು, ನಲವತ್ತು ವರ್ಷದ ಮೇಲೆ ಹೇಳಿದ ನೆನಪಲ್ಲ.

ಲೆಕ್ಕ ತಪ್ಪೋದಕ್ಕೆ ಒಂದು ಹಳೇ ಉದಾಹರಣೆ ಹೇಳಿಬಿಡ್ತೀನಿ. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್ಪಿನಲ್ಲಿ ಆರ್ಬ್ರೋತ್ ತಂಡ ಬಾನ್ ಅಕಾರ್ಡ್ ತಂಡವನ್ನು 36-0ರಿಂದ ಸೋಲಿಸಿತು. ಜಾನ್ ಪೆಟ್ರಿ ಒಬ್ಬನೇ 13 ಗೋಲು. ಅದೇ ದಿನ ಡಂಡೀ ಹಾರ್ಪ್ ತಂಡ ಅಬರ್ಡೀನ್ ರೋವರ್ಸ್‌ಗೆ 35 ಗೋಲು ಹೊಡೆಯಿತು. ರೆಫರಿ ಬರೆದುಕೊಂಡದ್ದು 37 ಅಂತಲೂ, ಇಲ್ಲ ನಾವು ಎಣಿಸಿದ್ದು 35 ಅಂತ ಹಾರ್ಪ್‌ನವರೇ ಹೇಳಿದರು ಅಂತಲೂ ಕತೆ ಇದೆ. ಅದು ನಿಜವಾಗಿದ್ದರೆ ವಿಶ್ವದಾಖಲೆಯನ್ನು ಕೈಯಾರೆ ಬಿಟ್ಟುಕೊಟ್ಟ ಹಾಗಾಯ್ತು.

ಪ್ರಶ್ನೆ: ಅಭಿಮಾನಿಗಳು ಹಳೇದನ್ನು ಕೂಡಿಡೋದು ಸರಿ. ಹೊಸದಾಗಿ ಏನಾದರೂ ಕಂಡುಹಿಡಿದಿದ್ದಾರಾ? (ಶಿಕ್ಷಕರೊಬ್ಬರು)

ಉತ್ತರ: ಒಂದು ಇಡೀ ಮೈದಾನವನ್ನೇ ಕಂಡುಹಿಡಿದರು ಮೇಷ್ಟ್ರೇ.

ಹ್ಯಾಂಪ್ಡನ್ ಅಂದ್ರೆ ಈಗಿರುವುದು ಮೂರನೆಯದು, 1903ರದು. ಎರಡನೆಯದೇ ಆಮೇಲೆ ಥರ್ಡ್ ಲಾನಾರ್ಕ್‌ನವರ ಕ್ಯಾತ್ಕಿನ್ ಆಯಿತು. ಮೊದಲ ಹ್ಯಾಂಪ್ಡನ್‌ನಲ್ಲಿ ಕ್ವೀನ್ಸ್ ಪಾರ್ಕ್ ಕ್ಲಬ್ 1873ರಿಂದ ಆಡುತ್ತಿತ್ತು. ರೈಲ್ವೆ ಹಳಿ ಬರುತ್ತೆ ಅಂತ ಹತ್ತು ವರ್ಷದಲ್ಲಿ ಜಾಗ ಬಿಡಬೇಕಾಯಿತು. ಆಮೇಲೆ ಅದು ಸರಿಯಾಗಿ ಎಲ್ಲಿತ್ತು ಅನ್ನೋದೇ ಮರೆತುಹೋಯಿತು. ಅಲ್ಲೇ ಇರುವ ಹ್ಯಾಂಪ್ಡನ್ ಬೌಲಿಂಗ್ ಕ್ಲಬ್ಬಿನವರು (ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟ ಅದು), ತಮ್ಮ ಹುಲ್ಲಿನ ಅಂಗಳವೇ ಆ ಮೈದಾನ ಇರಬೇಕು ಅಂತ ಬೆನ್ನು ಹತ್ತಿದರು. ಹಳೇ ರೈಲ್ವೆ ನಕ್ಷೆಯೊಂದರಲ್ಲಿ ಮೈದಾನದ ಗುರುತು ಸಿಕ್ಕಿತು. 2021ರಲ್ಲಿ ಪುರಾತತ್ವದವರು ಬಂದು ಅಗೆದರು. ಸ್ವಯಂಸೇವಕರೂ ಗುದ್ದಲಿ ಹಿಡಿದರು.

ಅದೇ ಮೈದಾನದಲ್ಲಿ 1882ರ ಮಾರ್ಚ್ 11ರಂದು ಸ್ಕಾಟ್ಲೆಂಡ್ ಇಂಗ್ಲೆಂಡನ್ನು 5-1ರಿಂದ ಬಗ್ಗುಬಡಿದಿತ್ತು. ಬೌಲಿಂಗ್ ಕ್ಲಬ್ಬಿನ ಗೋಡೆ ಮೇಲೆ ಈಗ ಆ ಪಂದ್ಯದ ದೊಡ್ಡ ಚಿತ್ರ ಬಿಡಿಸಿದ್ದಾರೆ.

ಪ್ರಶ್ನೆ: ಫುಟ್‌ಬಾಲ್ ಅಭಿಮಾನಿಗಳು ಸ್ಮಶಾನ ಸುತ್ತುತ್ತಾರಂತೆ, ನಿಜವಾ? (ಹೆಸರು ಬೇಡ ಎಂದವರು)

ಉತ್ತರ: ನಿಜ. ಹೂವಿನ ಜೊತೆ ಬ್ರಷ್ಷು, ನೀರಿನ ಬಾಟಲಿ ತಗೊಂಡು ಹೋಗ್ತಾರೆ.

ಹಳೇ ಕಾಲದ ಆಟಗಾರರು ಈಗಿನವರ ಥರ ಕೋಟ್ಯಧೀಶರಲ್ಲ. ಬಹಳ ಜನ ಬಡವರಾಗೇ ಸತ್ತರು, ಸಮಾಧಿಗೆ ಕಲ್ಲು ಹಾಕಿಸೋಕೂ ಗತಿ ಇರಲಿಲ್ಲ. ರೇಂಜರ್ಸ್ ಕ್ಲಬ್ ಕಟ್ಟಿದ ಹುಡುಗರಲ್ಲಿ ಒಬ್ಬ ವಿಲಿಯಂ ಮೆಕ್‌ಬೆತ್. ಇಂಗ್ಲೆಂಡಿನ ಲಿಂಕನ್‌ನಲ್ಲಿ 1917ರಲ್ಲಿ ತೀರಿಕೊಂಡ. ಕಲ್ಲಿಲ್ಲದ ಬಡವರ ಸಮಾಧಿ. ಅದನ್ನು ಹುಡುಕಿ ಕಲ್ಲು ಹಾಕಿಸಿದವರು ಅಭಿಮಾನಿಗಳು. ಸೆಲ್ಟಿಕ್ ಕಡೆ ಇದಕ್ಕೆಂದೇ ಒಂದು ಸಂಘ ಇದೆ, ಸೆಲ್ಟಿಕ್ ಗ್ರೇವ್ಸ್ ಸೊಸೈಟಿ ಅಂತ. ಬೇರೆ ವಿಷಯದಲ್ಲಿ ಈ ಎರಡು ಕ್ಲಬ್ಬಿನವರು ಹಾವು ಮುಂಗುಸಿ. ಸ್ಮಶಾನದಲ್ಲಿ ಮಾಡೋ ಕೆಲಸ ಮಾತ್ರ ಒಂದೇ.

ಆಂಡ್ರೂ ವಾಟ್ಸನ್ ವಿಷಯ ಇನ್ನೂ ವಿಚಿತ್ರ. ಹುಟ್ಟಿದ್ದು 1856ರಲ್ಲಿ, ಬ್ರಿಟಿಷ್ ಗಯಾನಾದ ಡೆಮೆರಾರಾದಲ್ಲಿ. ಕ್ವೀನ್ಸ್ ಪಾರ್ಕ್ ಆಟಗಾರ. ಅಂತರರಾಷ್ಟ್ರೀಯ ಪಂದ್ಯ ಆಡಿದ ಮೊದಲ ಕಪ್ಪು ಆಟಗಾರ. 1881ರಲ್ಲಿ ಲಂಡನ್‌ನಲ್ಲಿ ಸ್ಕಾಟ್ಲೆಂಡ್ ನಾಯಕನಾಗಿ ಇಂಗ್ಲೆಂಡನ್ನು 6-1ರಿಂದ ಸೋಲಿಸಿದ. ಮುಂದಿನ ವರ್ಷದ ಆ 5-1 ಪಂದ್ಯದಲ್ಲೂ ಇದ್ದ. ಆಮೇಲೆ ಜನ ಮರೆತರು. ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲೇ ಸತ್ತ ಅಂತ ಬಹಳ ವರ್ಷ ನಂಬಿದ್ದರು. ಕೊನೆಗೆ ನೋಡಿದರೆ 1921ರಲ್ಲಿ ಲಂಡನ್‌ನಲ್ಲೇ ತೀರಿಕೊಂಡಿದ್ದ, ಸಮಾಧಿ ರಿಚ್‌ಮಂಡ್‌ನಲ್ಲಿತ್ತು. ಪಾಳು ಬಿದ್ದಿದ್ದ ಅದನ್ನು ಜನ ದುಡ್ಡು ಕೂಡಿಸಿ ಸರಿಮಾಡಿಸಿದರು.

ಎಡಿನ್‌ಬರಾದ ಹಾರ್ಟ್ಸ್ ಕ್ಲಬ್ಬಿನದು ಹೇಳದಿದ್ದರೆ ತಪ್ಪಾಗುತ್ತೆ. 1914ರಲ್ಲಿ ಲೀಗಿನ ತುದಿಯಲ್ಲಿದ್ದ ತಂಡ ಅದು. ನವೆಂಬರಿನಲ್ಲಿ ಆಟಗಾರರು ಒಟ್ಟಾಗಿ ಸೈನ್ಯಕ್ಕೆ ಸೇರಿದರು. ಅವರ ಹಿಂದೆ ಅಭಿಮಾನಿಗಳೂ ಸೇರಿದರು. ಮೆಕ್ರೇ ಬೆಟಾಲಿಯನ್ ಅಂತ ಆ ಪಡೆಯ ಹೆಸರು. ಎಷ್ಟೋ ಜನ ವಾಪಸ್ ಬರಲಿಲ್ಲ. ಅವರ ನೆನಪಿಗೆ ಫ್ರಾನ್ಸಿನ ಕೊಂಟಾಲ್‌ಮೇಸನ್ ಹಳ್ಳಿಯಲ್ಲಿ ಸ್ಕಾಟ್ಲೆಂಡ್ ಶೈಲಿಯ ಕಲ್ಲಿನ ಗೋಪುರ ಎದ್ದದ್ದು 2004ರಲ್ಲಿ. ಯುದ್ಧ ಮುಗಿದ ಹೊಸದರಲ್ಲೇ ಬಂದಿದ್ದ ಯೋಚನೆ ಅದು. ಮಾಡಿ ಮುಗಿಸಿದವರು ಮೊಮ್ಮಕ್ಕಳು, ಮರಿಮಕ್ಕಳ ಕಾಲದವರು.

ಪ್ರಶ್ನೆ: ಸ್ಕಾಟ್ಲೆಂಡ್ ಕ್ಲಬ್ಬುಗಳ ಚರಿತ್ರೆಯಲ್ಲಿ ನಮ್ಮವರು ಯಾರಾದರೂ ಇದ್ದಾರಾ? (ಪಿಯುಸಿ ವಿದ್ಯಾರ್ಥಿ)

ಉತ್ತರ: ಇದ್ದಾರೆ. ಕಲ್ಕತ್ತಾದ ಮೊಹಮ್ಮದ್ ಸಲೀಂ. ಮೊಹಮ್ಮಡನ್ ಸ್ಪೋರ್ಟಿಂಗ್ ಆಟಗಾರ. 1936ರಲ್ಲಿ ಗ್ಲಾಸ್ಗೋಗೆ ಹೋಗಿ ಸೆಲ್ಟಿಕ್‌ನಲ್ಲಿ ಅವಕಾಶ ಕೇಳಿದರು. ಶೂ ಹಾಕಿ ಅಭ್ಯಾಸವಿಲ್ಲ, ಬರಿಗಾಲಲ್ಲೇ ಆಡ್ತೀನಿ ಅಂದರು. ಮ್ಯಾನೇಜರ್ ವಿಲ್ಲಿ ಮೇಲಿ ಒಪ್ಪಿದರು. ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಸೆಲ್ಟಿಕ್‌ನ ಎರಡನೇ ತಂಡಕ್ಕೆ ಎರಡು ಪಂದ್ಯ ಆಡಿದರು, ಗಾಲ್‌ಸ್ಟನ್ ಮತ್ತು ಹ್ಯಾಮಿಲ್ಟನ್ ವಿರುದ್ಧ. ಪತ್ರಿಕೆಗಳು ಹಾಡಿಹೊಗಳಿದವು. ಆದರೆ ಊರಿನ ನೆನಪು ಕಾಡಿ ವಾಪಸ್ ಬಂದುಬಿಟ್ಟರು.

ಒಂದು ಫೋಟೋ ಇದೆ. ಸೆಲ್ಟಿಕ್‌ನ ಜಿಮ್ಮಿ ಮೆಕ್‌ಮೆನಮಿ ಬಗ್ಗಿ ಸಲೀಂ ಕಾಲಿಗೆ ಪಟ್ಟಿ ಕಟ್ಟುತ್ತಿರುವುದು. ಮೆಕ್‌ಮೆನಮಿ ಅಂದ್ರೆ ಆ ಕ್ಲಬ್ಬಿನ ಹಳೇ ದೊಡ್ಡ ಆಟಗಾರ. ಬ್ರಿಟಿಷರ ಆಳ್ವಿಕೆಯ ಕಾಲದ ಆ ಫೋಟೋವನ್ನು ಒಂದು ನಿಮಿಷ ಸುಮ್ನೆ ನೋಡು.

ಬಹಳ ವರ್ಷದ ಮೇಲೆ ಸಲೀಂ ಕಾಯಿಲೆ ಬಿದ್ದಾಗ ಅವರ ಮಗ ಸೆಲ್ಟಿಕ್‌ಗೆ ಪತ್ರ ಬರೆದು ಸಹಾಯ ಕೇಳಿದರು. ನೂರು ಪೌಂಡಿನ ಡ್ರಾಫ್ಟ್ ಬಂತು. ದುಡ್ಡು ಬೇಕಾಗಿ ಅಲ್ಲ, ಅಪ್ಪನನ್ನು ಅವರು ನೆನಪಿಟ್ಟಿದ್ದಾರಾ ಅಂತ ನೋಡೋಕೆ ಬರೆದದ್ದು ಅಂತ ಮಗ ಆಮೇಲೆ ಹೇಳಿದರು. ಡ್ರಾಫ್ಟನ್ನು ಬ್ಯಾಂಕಿಗೆ ಹಾಕಲೇ ಇಲ್ಲ.

ಪ್ರಶ್ನೆ: 2012ರಲ್ಲಿ ದಿವಾಳಿಯಾದ ಮೇಲೆ ರೇಂಜರ್ಸ್ ಹಳೇ ಕ್ಲಬ್ಬೋ ಹೊಸ ಕ್ಲಬ್ಬೋ? ಒಂದೇ ಮಾತಿನಲ್ಲಿ ಹೇಳಿ. (ಚರ್ಚಾಪ್ರಿಯರು)

ಉತ್ತರ: ಹಳೇ ಕಂಪನಿ ಮುಳುಗಿತು, ಹೊಸ ಕಂಪನಿ ಬಂತು, ತಂಡ ನಾಲ್ಕನೇ ದರ್ಜೆಯಿಂದ ಆಡುತ್ತ 2016ರಲ್ಲಿ ಮೇಲಕ್ಕೆ ಬಂತು. ಇದಕ್ಕಿಂತ ಜಾಸ್ತಿ ಹೇಳಿದರೆ ನನಗೆ ಗ್ಲಾಸ್ಗೋದ ಅರ್ಧ ಭಾಗಕ್ಕೆ ಮತ್ತೆ ಹೋಗೋಕಾಗಲ್ಲ. ಯಾವ ಅರ್ಧ ಅನ್ನೋದು ಉತ್ತರದ ಮೇಲೆ ನಿಂತಿದೆ.

ಪ್ರಶ್ನೆ: ನಮ್ಮ ಮಾವ ಬಹಳ ವರ್ಷ ಗ್ಲಾಸ್ಗೋದಲ್ಲಿ ಡಾಕ್ಟರಾಗಿದ್ದರು. ಅವರು ಹೋದ ಮೇಲೆ ಪೆಟ್ಟಿಗೆ ತೆಗೆದರೆ ತುಂಬ ಫುಟ್‌ಬಾಲ್ ಪ್ರೋಗ್ರಾಂ, ಟಿಕೆಟ್ ಚೂರು, ಪೇಪರ್ ಕಟಿಂಗ್. ಲ್ಯಾಮಿನೇಟ್ ಮಾಡಿಸಿ ಇಡೋಣ ಅಂತಿದ್ದೀವಿ. ಸರಿನಾ? (ಗೃಹಿಣಿ)

ಉತ್ತರ: ದಯವಿಟ್ಟು ಬೇಡ. ಲ್ಯಾಮಿನೇಟ್ ಮಾಡಿದರೆ ಮತ್ತೆ ಬಿಡಿಸೋಕಾಗಲ್ಲ, ಆ ಬಿಸಿ ಕಾಗದಕ್ಕೂ ಒಳ್ಳೇದಲ್ಲ. ಹರಿದ ಕಡೆ ಸೆಲ್ಲೋಟೇಪ್ ಕೂಡ ಹಚ್ಚಬೇಡಿ. ಕೆಲವೇ ವರ್ಷದಲ್ಲಿ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತೆ. ಇಸ್ತ್ರಿ ಹಾಕಿ ಮಡಿಕೆ ತೆಗೀತೀನಿ ಅಂತ ಹೊರಡಬೇಡಿ.

ಪೆಟ್ಟಿಗೆ ಮುಟ್ಟೋ ಮುಂಚೆ ಹೇಗಿತ್ತೋ ಹಾಗೇ ಒಂದು ಫೋಟೋ ತೆಗೀರಿ. ಮಾವ ಜೋಡಿಸಿದ ಕ್ರಮಕ್ಕೆ ಏನೋ ಕಾರಣ ಇರುತ್ತೆ. ಟಿಕೆಟ್ ಚೂರು ಯಾವ ಪ್ರೋಗ್ರಾಂ ಒಳಗಿತ್ತೋ ಅದನ್ನು ಬರೆದಿಟ್ಟುಕೊಳ್ಳಿ, ಬೇರೆ ಮಾಡಿದರೆ ಆ ಚೂರಿಗೆ ಹೆಸರೇ ಇರಲ್ಲ. ಪೇಪರ್ ಕಟಿಂಗ್ ಮಾತ್ರ ಬೇರೆ ಕವರಿನಲ್ಲಿಡಿ. ನ್ಯೂಸ್‌ಪ್ರಿಂಟ್‌ನಲ್ಲಿ ಆಮ್ಲ ಜಾಸ್ತಿ, ಪಕ್ಕದ ಹಾಳೆಗೂ ಕಂದು ಕಲೆ ಹತ್ತಿಸುತ್ತೆ. ಪ್ಲಾಸ್ಟಿಕ್ ಕವರ್ ಬೇಕೇ ಬೇಕು ಅಂದ್ರೆ ಪಿವಿಸಿ ಬೇಡ, ಪಾಲಿಯೆಸ್ಟರ್ ಕೇಳಿ ತಗೊಳ್ಳಿ. ಪಿನ್ನು ತುಕ್ಕು ಹಿಡಿದಿದ್ದರೆ ನೀವೇ ಕೀಳಬೇಡಿ, ಕಾಗದ ಹರಿಯುತ್ತೆ. ಏನಾದರೂ ಗುರುತು ಹಾಕಬೇಕಿದ್ದರೆ ಕವರಿನ ಮೇಲೆ, ಪೆನ್ಸಿಲ್‌ನಲ್ಲಿ. ಬಿಸಿಲು, ತೇವ ಎರಡೂ ಇಲ್ಲದ ಕಡೆ ಇಡಿ. ಅಟ್ಟದ ಮೇಲೆ ಬೇಡ.

ಮಾವನ ಪೆಟ್ಟಿಗೆ ನಿಮಗೆ ಬೇಡ ಅನಿಸಿದರೆ ತೂಕಕ್ಕೆ ಮಾರುವ ಮುಂಚೆ ಆ ಕ್ಲಬ್ಬಿನ ಹೆರಿಟೇಜ್ ಗುಂಪಿಗೋ ಹ್ಯಾಂಪ್ಡನ್ ಮ್ಯೂಸಿಯಂಗೋ ಒಂದು ಪತ್ರ ಬರೀರಿ. ಯಾವ ಕ್ಲಬ್ಬು, ಯಾವ ವರ್ಷದಿಂದ ಯಾವ ವರ್ಷ, ಎಷ್ಟು ಅಂತ ಪಟ್ಟಿ ಮಾಡಿ ಕಳಿಸಿ. ಅವರ ಬಳಿ ಈಗಾಗಲೇ ಇರೋದು ಅವರಿಗೆ ಬೇಡ, ಇಲ್ಲದ್ದನ್ನು ಕೇಳ್ತಾರೆ. ಮಾವ ಯಾವ ಆಸ್ಪತ್ರೆಯಲ್ಲಿದ್ದರು, ಯಾರ ಜೊತೆ ಪಂದ್ಯಕ್ಕೆ ಹೋಗ್ತಿದ್ದರು, ಎಲ್ಲಿ ನಿಂತು ನೋಡ್ತಿದ್ದರು ಅಂತ ಅತ್ತೆಯವರಿಗೆ ನೆನಪಿದ್ದರೆ ಕೇಳಿ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಅತ್ತೆಯವರನ್ನು ಈ ವಾರವೇ ಕೇಳಿ, ಪಟ್ಟಿ ಆಮೇಲೆ ಮಾಡಿದರಾಯ್ತು.